ಬೋನಸ್ ಕೊಡುವ ನಿವೃತ್ತಿ ಖಾತೆ ತೆರೆಯಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಕ್ರೆಡಿಟ್ ಯೂನಿಯನ್ ಒಂದು ಐಆರ್‌ಎ ನಿವೃತ್ತಿ ಖಾತೆ ತೆರೆದರೆ 100 ಡಾಲರ್ ಬೋನಸ್ ಕೊಡುತ್ತದಂತೆ. ತೆರೆಯಬಹುದೇ?

ಉತ್ತರ: ಕ್ರೆಡಿಟ್ ಯೂನಿಯನ್ ಎಂದರೆ ನಮ್ಮ ಸಹಕಾರ ಸಂಘದಂತೆ ಸದಸ್ಯರದೇ ಸಂಸ್ಥೆ. ಫೆಡರಲ್ ವಿಮೆಯಿದ್ದರೆ ಐಆರ್‌ಎ ಠೇವಣಿಗೆ 2,50,000 ಡಾಲರ್‌ವರೆಗೆ ರಕ್ಷಣೆಯುಂಟು. ಇನ್ನು ಬೋನಸ್ಸಿನ ಮಾತು. 2025ನೇ ವರ್ಷಕ್ಕೆ 50 ತುಂಬದವರು ಹಾಕಬಹುದಾಗಿದ್ದ ಗರಿಷ್ಠ ಮೊತ್ತ 7,000 ಡಾಲರ್. ಅದರ ಮೇಲೆ 100 ಎಂದರೆ ಶೇ. 1.4ರಷ್ಟು, ಅದೂ ಒಂದೇ ಸಲ. ಬಡ್ಡಿ ಬೇರೆಡೆಗಿಂತ ಶೇ. 1ರಷ್ಟು ಕಡಿಮೆಯಿದ್ದರೆ ವರ್ಷಕ್ಕೆ 70 ಡಾಲರ್ ಖೋತಾ. ಎರಡನೇ ವರ್ಷ ಮುಗಿಯುವ ಮೊದಲೇ ಬೋನಸ್ ಕರಗಿತು! ನಿವೃತ್ತಿಗೆ ದಶಕಗಳಿರುವವರು ಬರೀ ಠೇವಣಿಯಲ್ಲಿ ಹಣ ಕಟ್ಟಿಡುವುದು ನನಗಂತೂ ಒಪ್ಪಿಗೆಯಿಲ್ಲ. ಆದರೂ ಬಡ್ಡಿ ಸರಿಸಮವಾಗಿದ್ದರೆ ಬೋನಸ್ ಬಿಡಬೇಕಿಲ್ಲ. ಎಷ್ಟು ಕಾಲ ಹಣ ಇಡಬೇಕು, ಮುಂಚೆ ತೆಗೆದರೆ ಬೋನಸ್ ಹಿಂದಕ್ಕೆ ಪಡೆಯುತ್ತಾರೆಯೇ ಎಂದು ಷರತ್ತುಗಳಲ್ಲಿ ಓದಲಿ.