ದೋಣಿಯ ಮೋಟಾರಿಗೆ ಪೆಟ್ರೋಲು ತಲುಪದಿದ್ದರೆ

ಘಟಪ್ರಭಾ ನದಿಯು ಹಿಡಕಲ್ ಜಲಾಶಯವನ್ನು ದಾಟಿ ಧುಪದಾಳಕ್ಕೆ ಬಂದು, ಅಲ್ಲಿಯ ಹಳೆಯ ಒಡ್ಡಿನ ಹಿಂದೆ ವಿಸ್ತಾರವಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಶಾಂತವಾಗಿರುವ ಈ ನೀರು ಮಳೆಗಾಲದಲ್ಲಿ ಒಡ್ಡಿನ ಮೇಲೆ ಹಾಯ್ದು ಹೊರಟಿತೆಂದರೆ, ಮುಂದೆ ಗೋಕಾಕದ ಜಲಪಾತದಲ್ಲಿ ಸುಮಾರು ೧೭೦ ಅಡಿ ಕೆಳಕ್ಕೆ ಧುಮುಕುತ್ತದೆ. ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳ ಮಹಾಪೂರವು ಈ ನದಿಯ ದಂಡೆಯ ಊರುಗಳನ್ನೂ ಕಬ್ಬಿನ ಹೊಲಗಳನ್ನೂ ಮುಳುಗಿಸಿದುದು ವಾಚಕರ ನೆನಪಿನಲ್ಲಿ ಇದ್ದೇ ಇದೆ. ಅಂಥ ಸಮಯದಲ್ಲಿ ತೋಟದ ಮನೆಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಮೋಟಾರು ಹಚ್ಚಿದ ದೋಣಿಯೇ ಆಧಾರ.

ಆದರೆ ಒಡ್ಡಿನ ಮೇಲ್ಭಾಗದ ಸೆಳವಿನಲ್ಲಿ ಮೋಟಾರು ನಿಂತರೆ, ಯಂತ್ರವನ್ನು ಬಿಚ್ಚಿ ನೋಡುವಷ್ಟು ವೇಳೆಯನ್ನು ನದಿಯು ಕೊಡುವುದಿಲ್ಲ. ಆದ್ದರಿಂದ ಪೆಟ್ರೋಲಿನ ದಾರಿಯನ್ನು ದಂಡೆಯ ಮೇಲೆಯೇ ಪರೀಕ್ಷಿಸತಕ್ಕದ್ದು. ಈ ದಾರಿಯು ಒಂದೇ: ಟಾಕಿಯಿಂದ ನಳಿಗೆ, ನಳಿಗೆಯಿಂದ ಜಾಳಿಗೆ, ಅಲ್ಲಿಂದ ಪಂಪು, ಕಡೆಗೆ ಕಾರ್ಬ್ಯುರೇಟರು. ಕಾಲುವೆಯ ನೀರು ಹೊಲಕ್ಕೆ ಬಾರದಿದ್ದರೆ ಒಕ್ಕಲಿಗನು ಮೊದಲು ತೂಬನ್ನು ನೋಡಿ, ಅಲ್ಲಿಂದ ಕೆಳಗೆ ನಡೆಯುತ್ತಾ ಬರುವನಲ್ಲವೇ? ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಬೇಕು.

ಎಲ್ಲಕ್ಕಿಂತ ಮೊದಲು, ಮೋಟಾರನ್ನು ಬಂದುಮಾಡುವ ಗುಂಡಿಗೆ ಸಿಕ್ಕಿಸುವ ಕ್ಲಿಪ್ಪು ಸ್ವಸ್ಥಾನದಲ್ಲಿರುವುದನ್ನು ಕಂಡುಕೊಳ್ಳಿರಿ. ಅದು ಕಳಚಿದ್ದರೆ ಪೆಟ್ರೋಲು ತುಂಬಿದ್ದರೂ ಯಂತ್ರವು ಹೊತ್ತದು. ಅದು ಸರಿಯಿದ್ದಲ್ಲಿ ಮುಂದಿನಂತೆ ನೋಡತಕ್ಕದ್ದು.

(೧) ಟಾಕಿ. ಮುಚ್ಚಳದ ಮೇಲೆ ಗಾಳಿಗಾಗಿ ಒಂದು ಚಿಕ್ಕ ತಿರುಪು ಇರುತ್ತದೆ. ದೋಣಿಯನ್ನು ಸಾಗಿಸುವಾಗ ಮುಚ್ಚಿದ್ದನ್ನು ತೆರೆಯಲು ಮರೆಯುವುದು ಸಾಮಾನ್ಯ. ಆಗ ಪೆಟ್ರೋಲು ಹೊರಟಂತೆಲ್ಲ ಟಾಕಿಯೊಳಗೆ ಗಾಳಿ ತೆಳುವಾಗಿ, ಕೆಲವು ನಿಮಿಷಗಳಲ್ಲಿ ಮೋಟಾರು ನಿಲ್ಲುತ್ತದೆ. ತುಸು ಹೊತ್ತಿನ ಮೇಲೆ ಹೊತ್ತಿ, ಮತ್ತೆ ನಿಲ್ಲುತ್ತದೆ. ಈ ಲಕ್ಷಣ ಕಂಡೊಡನೆ ತಿರುಪನ್ನು ಸಡಿಲಿಸಿರಿ.

(೨) ರಬ್ಬರಿನ ಬುರುಡೆ. ನಳಿಗೆಯ ನಡುವೆ ಇರುವ ಈ ಬುರುಡೆಯ ಮೇಲಿನ ಬಾಣದ ಗುರುತು ಮೋಟಾರಿನ ಕಡೆಗೆ ಇರಬೇಕು. ಹಲವು ಸಾರಿ ಹಿಚುಕಿದ ಮೇಲೆ ಅದು ಬಿರುಸಾಗಬೇಕು. ಎಷ್ಟು ಹಿಚುಕಿದರೂ ಮೆತ್ತಗೇ ಉಳಿದರೆ ಟಾಕಿಯು ಬರಿದಾಗಿದೆ, ಅಥವಾ ಎಲ್ಲಿಂದಲೋ ಗಾಳಿ ಸೇರುತ್ತಿದೆ, ಇಲ್ಲವೇ ಬುರುಡೆಯ ಕವಾಟವು ಕೆಟ್ಟಿದೆ. ತಾನಾಗಿಯೇ ಚಪ್ಪಟೆಯಾದರೆ ತಡೆಯು ಟಾಕಿಯ ಕಡೆಗೆ ಇದೆ ಎಂದು ತಿಳಿಯತಕ್ಕದ್ದು.

(೩) ನಳಿಗೆ ಮತ್ತು ಕೀಲುಗಳು. ನಳಿಗೆಯು ಎಲ್ಲಿಯೂ ಮಡಚಿರಬಾರದು, ಹಲಗೆಯ ಕೆಳಗೆ ಸಿಕ್ಕಿರಬಾರದು. ಕೀಲಿನೊಳಗಿನ ರಬ್ಬರಿನ ಉಂಗುರವು ಸವೆದಿದ್ದರೆ ಪೆಟ್ರೋಲು ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿಯು ಒಳಸೇರುವುದುಂಟು.

(೪) ಜಾಳಿಗೆ ಮತ್ತು ನೀರು. ಜಾಳಿಗೆಯನ್ನು ಬಿಚ್ಚಿ ಕಸವನ್ನು ತೆಗೆಯಿರಿ. ಟಾಕಿಯ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಕೆಲ ಹೊತ್ತು ಇಡಿರಿ. ಕೆಳಗೆ ಬೇರೆ ಪದರು ನಿಂತರೆ ನೀರು ಸೇರಿದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥೆನಾಲು ಬೆರೆತಿರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲೂ ಕೂಡಿ ತಳಕ್ಕೆ ಇಳಿಯುತ್ತವೆ. ಯಂತ್ರವು ಮೊದಲು ಹೀರುವುದು ಆ ತಳದ್ದನ್ನೇ. ಅಂಥ ಪೆಟ್ರೋಲನ್ನು ಪೂರ್ತಿ ತೆಗೆದು, ಟಾಕಿಯನ್ನು ಒಣಗಿಸಿ ಹೊಸದನ್ನು ತುಂಬತಕ್ಕದ್ದು. ತೆಗೆದದ್ದನ್ನು ನದಿಗಾಗಲಿ ಕಾಲುವೆಗಾಗಲಿ ಚೆಲ್ಲಬಾರದು.

(೫) ಪಂಪು. ಒಬ್ಬನು ಬುರುಡೆಯನ್ನು ಹಿಚುಕುತ್ತಿರುವವರೆಗೆ ಮೋಟಾರು ಓಡಿ, ಕೈ ಬಿಟ್ಟೊಡನೆ ನಿಂತರೆ, ಪಂಪಿನೊಳಗಿನ ತೆಳು ಪೊರೆಯು ಹರಿದಿರಬಹುದು, ಇಲ್ಲವೇ ನಳಿಗೆಯಲ್ಲಿ ಗಾಳಿ ಸೇರುತ್ತಿರಬಹುದು. ಪೊರೆಯನ್ನು ಬದಲಿಸುವುದು ಮಿಸ್ತ್ರಿಯ ಕೆಲಸ. ಆದರೆ ಈ ಉಪಾಯದಿಂದ ದೋಣಿಯನ್ನು ದಂಡೆಗೆ ತರಬಹುದೆಂಬುದನ್ನು ನಡೆಸುವವರೆಲ್ಲರೂ ತಿಳಿದಿರಬೇಕು.

(೬) ಕಾರ್ಬ್ಯುರೇಟರು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಅದರ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಮೋಟಾರು ಮೆಲ್ಲಗೆ ಓಡಿ, ವೇಗ ಕೊಟ್ಟಾಗ ಮುಗ್ಗರಿಸಿದರೆ ಇದನ್ನೂ ಸಂಶಯಿಸಬೇಕು. ರಂಧ್ರಗಳನ್ನು ತಂತಿಯಿಂದ ಚುಚ್ಚಬಾರದು. ಬಿಚ್ಚಿ, ತೊಳೆದು, ಗಾಳಿಯಿಂದ ಊದಿಸತಕ್ಕದ್ದು.

ಇವೆಲ್ಲವನ್ನೂ ತಪ್ಪಿಸುವ ಸುಲಭ ಮಾರ್ಗವುಂಟು. ಮೋಟಾರನ್ನು ಎತ್ತಿಡುವ ಮುನ್ನ ನಳಿಗೆಯನ್ನು ಕಳಚಿ, ಒಳಗಿನ ಪೆಟ್ರೋಲು ತೀರುವವರೆಗೆ ಓಡಿಸಿರಿ. ರೋಹಿಣಿ ಮಳೆಗೆ ಮೊದಲೇ ಅದನ್ನು ನೀರು ತುಂಬಿದ ಪೀಪಾಯಿಯಲ್ಲಿ ನಿಲ್ಲಿಸಿ ಕಾಲು ಗಂಟೆ ಓಡಿಸಿ ನೋಡಿರಿ. ಪೀಪಾಯಿಯಲ್ಲಿ ಪಂಖವು ಹೊಡೆಯದಂತೆ ಗೇರನ್ನು ಬಿಡಿಸಿಡಿರಿ. ನೀರಿಲ್ಲದೆ ಓಡಿಸಿದರೆ ಯಂತ್ರವನ್ನು ತಂಪುಮಾಡುವ ಪಂಪು ಸುಟ್ಟುಹೋಗುತ್ತದೆ. ಪೆಟ್ರೋಲಿನೊಡನೆ ಎಣ್ಣೆ ಬೆರೆಸುವ ಮೋಟಾರಾದರೆ ಪ್ರಮಾಣವನ್ನು ತಯಾರಕರ ಪುಸ್ತಕದಂತೆ ಹಿಡಿಯಿರಿ. ಐವತ್ತಕ್ಕೆ ಒಂದು ಎಂದರೆ ಲೀಟರಿಗೆ ೨೦ ಮಿಲಿಲೀಟರು. ಟಾಕಿಯನ್ನು ದಂಡೆಯ ಮೇಲಿಳಿಸಿ ತುಂಬತಕ್ಕದ್ದು. ಹತ್ತಿರ ಬೀಡಿ, ಚಿಮಣಿ ಇರಲಾಗದು.

ಗ್ರಾಮದ ಪ್ರಮುಖರು ಮತ್ತು ಹೊಲದೊಡೆಯರು ಇಷ್ಟನ್ನು ಮಾಡಲಿ: ಪ್ರತಿ ವರ್ಷ ಮಳೆಗಾಲದ ಮುಂಚೆ ಒಂದು ದಿನವನ್ನು ಗೊತ್ತುಪಡಿಸಿ, ಊರಿನ ಇಬ್ಬರು ತರುಣರಿಂದ ಈ ಆರು ಪರೀಕ್ಷೆಗಳನ್ನು ಕ್ರಮವಾಗಿ ಮಾಡಿಸಲಿ. ಧುಪದಾಳದ ನೀರು ಪಕ್ಷಿಧಾಮಕ್ಕೆ ಸೇರಿದ್ದಾದ್ದರಿಂದ, ಅಲ್ಲಿ ದೋಣಿ ಇಳಿಸುವ ಮೊದಲು ಸಂಬಂಧಪಟ್ಟ ಇಲಾಖೆಗಳ ಅಪ್ಪಣೆ ಪಡೆಯಲಿ. ದೋಣಿಯಲ್ಲಿ ಎರಡು ಹುಟ್ಟು, ಒಂದು ಲಂಗರು, ಉದ್ದನೆಯ ಹಗ್ಗ, ಪ್ರತಿಯೊಬ್ಬರಿಗೂ ತೇಲುವ ಅಂಗಿ ಇಲ್ಲದೆ ಯಾರನ್ನೂ ಕಳುಹಿಸಬಾರದು. ಮೋಟಾರು ಎಷ್ಟೇ ಚೆನ್ನಾಗಿದ್ದರೂ, ಒಡ್ಡಿನ ಮೇಲ್ಭಾಗದಲ್ಲಿ ಲಂಗರು ಹಾಕಲು ಕ್ಷಣವೂ ತಡಮಾಡಬಾರದು. ದೋಣಿ ನಿಂತ ಮೇಲೆ ದೋಷವನ್ನು ಹುಡುಕಲು ಬೇಕಾದಷ್ಟು ವೇಳೆ ದೊರೆಯುತ್ತದೆ.