ಮಹಡಿಯ ಮೇಲಿನ ಕನ್ನಡ

ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ಗದಗ ಸೀಮೆಯ ಯುವಕನೊಬ್ಬ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ಬಂದ ಹೊಸತರಲ್ಲಿ 'ಏನ್ ಮಾಡಾಕತ್ತೀರಿ?' ಎನ್ನುತ್ತಿದ್ದವನು ಈಗ 'ಏನ್ ಮಾಡ್ತಾ ಇದ್ದೀರಿ?' ಎನ್ನುತ್ತಾನೆ. ಅವನ ಮಾತಿಗೆ ನಕ್ಕವರಲ್ಲಿ ನಾನೂ ಒಬ್ಬ.

ಧಾರವಾಡದ ನುಡಿಯನ್ನು ಕಾವ್ಯವಾಗಿಸಿದ ಬೇಂದ್ರೆಯವರಿಗೆ ಜ್ಞಾನಪೀಠ ಸಂದಿತು. ನಂಜನಗೂಡು ಸೀಮೆಯ ಆಡುಮಾತಿನ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪುಸ್ತಕದಲ್ಲಿ ಮೆಚ್ಚಿದ ನುಡಿಯನ್ನು ಮನೆಯಂಗಳದಲ್ಲಿ ಕೇಳಿ ನಗುವುದು ಯಾವ ನ್ಯಾಯ?

ಐರ್ಲೆಂಡ್ ಕೂಡ 1958ರಲ್ಲಿ ಐರಿಷ್ ಬರವಣಿಗೆಗೆ ಶಿಷ್ಟರೂಪವೊಂದನ್ನು ಗೊತ್ತುಪಡಿಸಿತು. ಆದರೂ 'ಹೇಗಿದ್ದೀರಿ' ಎಂಬುದನ್ನು ಮನ್‌ಸ್ಟರ್, ಕಾನಕ್ಟ್, ಅಲ್ಸ್ಟರ್ ಪ್ರಾಂತಗಳವರು ಇಂದಿಗೂ ಮೂರು ಬಗೆಯಲ್ಲಿ ಕೇಳುತ್ತಾರೆ.

ಮೊನ್ನೆ ರಾತ್ರಿ ಮಹಡಿಯಿಂದ 'ಯವ್ವಾ, ಏನ್ ಮಾಡಾಕತ್ತೀ?' ಎಂದು ಅವನು ಫೋನಿನಲ್ಲಿ ಕೇಳುತ್ತಿದ್ದುದು ಕಿವಿಗೆ ಬಿತ್ತು. ಸಮಾಧಾನವಾಯಿತು, ನಾಚಿಕೆಯೂ ಆಯಿತು. ಆ ಮಾತನ್ನು ಕೋಣೆಯೊಳಗೆ ಅಡಗಿಸಿದವರು ನಾವೇ ಅಲ್ಲವೇ?