ಮೂರು ವಾರ ಮೆಟ್ಟಿಲ ಮೇಲೆ ಕೂತ ಸೂಟ್‌ಕೇಸ್

ಗಂಡ ಹೆಂಡತಿ ಊರಿಗೆ ಹೋಗಿ ಬರುತ್ತಾರೆ. ಸೂಟ್‌ಕೇಸು ಮಹಡಿ ಮೆಟ್ಟಿಲ ತಿರುವಿನಲ್ಲೇ ಉಳಿಯುತ್ತದೆ. ಅವನು ಒಯ್ಯಲಿ ಎಂದು ಅವಳು, ಅವಳು ಒಯ್ಯಲಿ ಎಂದು ಅವನು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮೂರು ವಾರ ಇಬ್ಬರೂ ಅದನ್ನು ಬಳಸಿಕೊಂಡು ಹತ್ತಿ ಇಳಿಯುತ್ತಾರೆ. ಕೊನೆಗೆ ಗಂಡ ನಾರುವ ಚೀಸ್ ತಂದು ಅದರೊಳಗೆ ಇಡುತ್ತಾನೆ, ವಾಸನೆ ತಡೆಯಲಾಗದೆ ಅವಳೇ ಎತ್ತಲಿ ಅಂತ.

ಅಮೆರಿಕದ 'ಎವರಿಬಡಿ ಲವ್ಸ್ ರೇಮಂಡ್' ಧಾರಾವಾಹಿಯ ಒಂದು ಕಂತಿನ ಕತೆ ಇಷ್ಟೇ. ಇದನ್ನು ಬರೆದ ಟಕರ್ ಕಾಲಿಗೆ 2003ರಲ್ಲಿ ಟೀವಿ ಲೋಕದ ಎಮ್ಮಿ ಪ್ರಶಸ್ತಿ ಬಂತು. ಕೊಲೆಯಿಲ್ಲ, ಆಸ್ತಿ ಜಗಳವಿಲ್ಲ, ಅವಳಿ ಸೊಸೆಯರಿಲ್ಲ. ನಮ್ಮ ಸಂಜೆಯ ಧಾರಾವಾಹಿಗಳನ್ನು ನೋಡಿ ಬೆಳೆದ ನನಗೆ, ಒಂದು ಸೂಟ್‌ಕೇಸಿನ ಮೇಲೆ ಇಡೀ ಕಂತು ನಿಲ್ಲಿಸಬಹುದು ಎಂಬುದೇ ಆಶ್ಚರ್ಯ. ಆ ಗಂಡನ ಪಾತ್ರ ಮಾಡಿದ ರೇ ರೊಮಾನೊ ಮೂಲತಃ ನಟನಲ್ಲ. ಮೈಕ್ ಹಿಡಿದು ಒಬ್ಬನೇ ನಿಂತು ನಗಿಸುವ ಸ್ಟ್ಯಾಂಡಪ್ ಕಲಾವಿದ.

ಹುಟ್ಟಿದ್ದು 1957ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ. ಇಟಲಿ ಮೂಲದ ಕುಟುಂಬ. ತಾಯಿ ಪಿಯಾನೊ ಕಲಿಸುತ್ತಿದ್ದರು, ತಂದೆ ಎಂಜಿನಿಯರ್, ಜೊತೆಗೆ ಮನೆ-ಜಾಗದ ವ್ಯವಹಾರ. ಮೂವರು ಗಂಡುಮಕ್ಕಳಲ್ಲಿ ಇವನು ನಡುವಿನವನು. ಅಣ್ಣ ರಿಚರ್ಡ್ ಪೊಲೀಸ್, ತಮ್ಮ ಶಾಲಾ ಮೇಷ್ಟ್ರು. ಇವನು ಕ್ವೀನ್ಸ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರಕ್ಕೆ ಸೇರಿದವನು ಓದು ಬಿಟ್ಟ. ಬ್ಯಾಂಕಿನಲ್ಲಿ ಕೆಲಸ ಮಾಡಿದ. ಮುಂದೆ ಹೆಂಡತಿಯಾದ ಅನ್ನಾ ಸಿಕ್ಕಿದ್ದು ಅಲ್ಲೇ. ಹಾಸಿಗೆಗಳನ್ನು ಮನೆಮನೆಗೆ ತಲುಪಿಸುವ ಕೆಲಸವನ್ನೂ ಮಾಡಿದ.

ಸ್ಟ್ಯಾಂಡಪ್ ಕಸುಬು ಅಮೆರಿಕದಲ್ಲಿ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಮೊದಲು ಕ್ಲಬ್ಬುಗಳಲ್ಲಿ ಹೊಸಬರ ರಾತ್ರಿ: ಯಾರು ಬೇಕಾದರೂ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದು. ಸಂಬಳವಿಲ್ಲ, ನಗು ಬರುತ್ತದೆಂಬ ಭರವಸೆಯೂ ಇಲ್ಲ. ಆ ಐದು ನಿಮಿಷವನ್ನೇ ವರ್ಷಗಟ್ಟಲೆ ತಿದ್ದಿ ತೀಡಿ ಗಟ್ಟಿ ಮಾಡಿಕೊಂಡವರನ್ನು ಟೀವಿಯ ತಡರಾತ್ರಿ ಕಾರ್ಯಕ್ರಮಗಳು ಕರೆಯುತ್ತವೆ. ಅಲ್ಲಿ ಗೆದ್ದರೆ ಧಾರಾವಾಹಿಯವರ ಕಣ್ಣಿಗೆ ಬೀಳುತ್ತಾರೆ. ಜೆರಿ ಸೈನ್‌ಫೆಲ್ಡ್, ರೋಸ್ಯಾನ್ ಬಾರ್, ಟಿಮ್ ಆಲೆನ್ ಹೀಗೆ ಬಂದವರೇ. ರೊಮಾನೊ ಎಂಬತ್ತರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಈ ಗಾಣ ಸುತ್ತಿದ. ಅವನ ವೈಖರಿಯಲ್ಲಿ ಅಬ್ಬರವಿಲ್ಲ. ಮೂಗಿನ ದನಿ, ರಾತ್ರಿಯೆಲ್ಲ ಮಗು ಎತ್ತಿಕೊಂಡು ಓಡಾಡಿದವನ ಮುಖ, ಮಾತಿನ ನಡುವೆ ತಡೆ. 1993ರಲ್ಲಿ ಅವಳಿ ಗಂಡುಮಕ್ಕಳಾದರು, ಅದಕ್ಕೂ ಮೊದಲೇ ಒಬ್ಬಳು ಮಗಳಿದ್ದಳು. ಜೋಕುಗಳಿಗೆ ಬೇರೆಲ್ಲೂ ಹುಡುಕುವ ಕೆಲಸ ಉಳಿಯಲಿಲ್ಲ.

1995ರಲ್ಲಿ ಶುರುವಾದ 'ನ್ಯೂಸ್‌ರೇಡಿಯೊ' ಧಾರಾವಾಹಿಯಲ್ಲಿ ಎಲೆಕ್ಟ್ರಿಷಿಯನ್ ಪಾತ್ರ ಸಿಕ್ಕಿತ್ತು. ತಾಲೀಮಿನಲ್ಲೇ ಸಾಲದೆಂದು ಕೈಬಿಟ್ಟರು. ಆ ಪಾತ್ರ ಕೊನೆಗೆ ಹೋಗಿದ್ದು ಜೋ ರೋಗನ್‌ಗೆ, ಈಗ ಪಾಡ್‌ಕಾಸ್ಟಿನಿಂದ ಲೋಕಪ್ರಸಿದ್ಧನಾಗಿರುವ ಅದೇ ರೋಗನ್‌ಗೆ. ಅದೇ ವರ್ಷ ರೊಮಾನೊ ಡೇವಿಡ್ ಲೆಟರ್‌ಮನ್ ತಡರಾತ್ರಿ ಕಾರ್ಯಕ್ರಮದಲ್ಲಿ ತನ್ನ ಕೆಲವು ನಿಮಿಷ ಮಾತಾಡಿದ. ಲೆಟರ್‌ಮನ್ ಕಂಪನಿ, ಇವನನ್ನಿಟ್ಟುಕೊಂಡು ಒಂದು ಧಾರಾವಾಹಿ ಮಾಡೋಣ ಎಂದಿತು. ಉಚ್ಚಾಟನೆಯೂ ಪಟ್ಟಾಭಿಷೇಕವೂ ಒಂದೇ ವರ್ಷದಲ್ಲಿ.

ಬರೆಯಲು ಬಂದವನು ಫಿಲ್ ರೋಸೆಂತಾಲ್, ಯಹೂದಿ ಮನೆತನದವನು. ರೊಮಾನೊ ತನ್ನ ಮನೆಯ ಕತೆ ಹೇಳಿದ, ರೋಸೆಂತಾಲ್ ತನ್ನ ಮನೆಯದ್ದು ಹೇಳಿದ; ಇಬ್ಬರ ಅಮ್ಮಂದಿರೂ ಒಂದೇ ಅಚ್ಚು. ತಿಂಗಳಿಗೊಂದು ಪೆಟ್ಟಿಗೆ ಹಣ್ಣು ಮನೆಗೆ ಬರುವ ಉಡುಗೊರೆಯನ್ನು ರೋಸೆಂತಾಲ್ ಅಪ್ಪ ಅಮ್ಮನಿಗೆ ಕೊಟ್ಟಿದ್ದನಂತೆ. ಅಮ್ಮ ಖುಷಿಪಡುವ ಬದಲು, ಇಷ್ಟೊಂದು ಹಣ್ಣು ನಾವಿಬ್ಬರು ಏನು ಮಾಡೋದು, ಯಾಕೆ ನಮಗೆ ಈ ಶಿಕ್ಷೆ ಎಂದು ತರಾಟೆಗೆ ತೆಗೆದುಕೊಂಡಳು. ಮೊದಲ ಕಂತಿನಲ್ಲಿ ಆ ಪೆಟ್ಟಿಗೆ ಹಾಗೆಯೇ ಬಂತು. ಬರಹಗಾರರಿಗೂ ರೋಸೆಂತಾಲ್‌ನ ಸಲಹೆ ಒಂದೇ: ಮನೆಗೆ ಹೋಗಿ ಹೆಂಡತಿಯ ಹತ್ತಿರ ಜಗಳವಾಡಿ, ಬಂದು ಅದನ್ನು ಬರೆಯಿರಿ. ಟಕರ್ ಕಾಲಿಯ ಸೂಟ್‌ಕೇಸು ಕೂಡ ಅವನ ಮನೆಯದ್ದೇ.

ಧಾರಾವಾಹಿಯ ಹೆಸರು ಅಣ್ಣ ರಿಚರ್ಡ್‌ನ ಕೊಡುಗೆ. ತಮ್ಮನಿಗೊಂದು ಪ್ರಶಸ್ತಿ ಬಂದಾಗ ಪೊಲೀಸಪ್ಪನಿಗೆ ಹೊಟ್ಟೆ ಉರಿಯಿತು. ನಾನು ಕೆಲಸಕ್ಕೆ ಹೋದರೆ ಜನ ಬೈಯುತ್ತಾರೆ, ಇವನು ಹೋದರೆ ಚಪ್ಪಾಳೆ, ಎಲ್ಲರಿಗೂ ರೇಮಂಡ್ ಅಂದ್ರೆ ಪ್ರೀತಿ ಎಂದು ಮೂತಿ ತಿರುವಿದ. ಹಿತ್ತಲ ಗಿಡ ಮದ್ದಲ್ಲ! ರೊಮಾನೊಗೆ ಆ ಹೆಸರು ಸುತರಾಂ ಹಿಡಿಸಲಿಲ್ಲ. ವಿಮರ್ಶಕರ ಕೈಗೆ ನಾವೇ ದೊಣ್ಣೆ ಕೊಟ್ಟಂತೆ ಎಂದು ವಾದಿಸಿದ, ಚಾನೆಲ್ಲಿನವರು ಕೇಳಲಿಲ್ಲ. ಧಾರಾವಾಹಿಯಲ್ಲಿ ಆ ಹೊಟ್ಟೆಕಿಚ್ಚಿನ ಅಣ್ಣ, ಪೊಲೀಸ್ ಸಮವಸ್ತ್ರ ಸಮೇತ, ಬ್ರ್ಯಾಡ್ ಗ್ಯಾರೆಟ್ ರೂಪದಲ್ಲಿ ಒಂಬತ್ತು ವರ್ಷ ನಿಂತ. ಮೊದಲ ಕಂತಿನಲ್ಲಿ ಕತೆಯ ಅವಳಿ ಮಕ್ಕಳಿಗೂ ರೊಮಾನೊ ಮಕ್ಕಳ ಹೆಸರೇ ಇತ್ತು. ಆಮೇಲೆ, ಇದು ಅತಿಯಾಯಿತು ಎನಿಸಿ ಬದಲಾಯಿಸಿದರು.

ಇಟಾಲಿಯನ್ ಮನೆಯ ಈ ಕತೆಯಲ್ಲಿ ಅಮ್ಮನಾಗಿ ನಟಿಸಿದ ಡೋರಿಸ್ ರಾಬರ್ಟ್ಸ್ ಇಟಾಲಿಯನ್ ಅಲ್ಲ. ಅಪ್ಪನಾದ ಪೀಟರ್ ಬಾಯ್ಲ್, ಅಣ್ಣನಾದ ಗ್ಯಾರೆಟ್ ಕೂಡ ಅಲ್ಲ. ಯಾರಿಗೂ ಅದು ಅಡ್ಡಿಯಾಗಲಿಲ್ಲ. ಎದುರು ಮನೆಯಲ್ಲಿರುವ ಆ ತಾಯಿ ಬಾಗಿಲು ತಟ್ಟದೆ ಒಳಗೆ ಬಂದು, ಸೊಸೆಯ ಅಡುಗೆಗೆ ಸಣ್ಣಗೆ ಹೆಸರಿಡುತ್ತಾಳೆ. ನನ್ನ ಅತ್ತೆ ಕೆಳಗಿನ ಮನೆಯಲ್ಲಿದ್ದಾರೆ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸಿ, ಇವತ್ತು ಬೇಳೆ ಬೆಂದಿರಲ್ಲ ಎಂದು ಅಲ್ಲಿಂದಲೇ ಹೇಳಬಲ್ಲರು. ಹಾಗಾಗಿ 2015ರಲ್ಲಿ ಸ್ಟಾರ್ ಪ್ಲಸ್ ಈ ಧಾರಾವಾಹಿಯನ್ನು 'ಸುಮಿತ್ ಸಂಭಾಲ್ ಲೇಗಾ' ಎಂದು ಹಿಂದಿಗೆ ತಂದಾಗ ನನಗೆ ಅಚ್ಚರಿಯೇನೂ ಆಗಲಿಲ್ಲ. ಸತೀಶ್ ಕೌಶಿಕ್ ಅಪ್ಪ, ಭಾರತಿ ಆಚರೇಕರ್ ಅಮ್ಮ. ರಷ್ಯದಲ್ಲೂ ಇದರ ಅವತಾರ ಬಂದಿತ್ತು. ಅದಕ್ಕಾಗಿ ಮಾಸ್ಕೋಗೆ ಹೋಗಿ ಪಟ್ಟ ಪಾಡಿನ ಮೇಲೆ ರೋಸೆಂತಾಲ್ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದ.

1996ರ ಸೆಪ್ಟೆಂಬರ್‌ನಿಂದ 2005ರ ಮೇವರೆಗೆ 210 ಕಂತು. ಕೊನೆಕೊನೆಗೆ ರೊಮಾನೊ ಸಂಭಾವನೆ ಕಂತೊಂದಕ್ಕೆ ಸುಮಾರು 18 ಲಕ್ಷ ಡಾಲರ್, ಆಗಿನ ಟೀವಿ ನಟರಲ್ಲೇ ಅತಿ ಹೆಚ್ಚು. 2002ರಲ್ಲಿ ಅತ್ಯುತ್ತಮ ನಟನ ಎಮ್ಮಿ ಅವನಿಗೇ. ಡೋರಿಸ್ ರಾಬರ್ಟ್ಸ್‌ಗೆ ಈ ಪಾತ್ರಕ್ಕೆ ನಾಲ್ಕು ಸಲ ಬಂತು, ಪೀಟರ್ ಬಾಯ್ಲ್‌ಗೆ ಒಂದೂ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅನ್ಯಾಯ. ಸೋಫಾದಿಂದ ಏಳದೆ ಅಷ್ಟು ನಗಿಸಿದವರು ಕಡಿಮೆ.

ಆಮೇಲಿನ ದಿನಗಳಲ್ಲಿ ರೊಮಾನೊ ಗಂಭೀರ ಪಾತ್ರಗಳತ್ತ ತಿರುಗಿದ. 2019ರಲ್ಲಿ ಮಾರ್ಟಿನ್ ಸ್ಕೊರ್ಸೆಸೆಯ 'ದಿ ಐರಿಶ್‌ಮನ್'ನಲ್ಲಿ ವಕೀಲನಾದ. 'ಸಮ್‌ವೇರ್ ಇನ್ ಕ್ವೀನ್ಸ್' ಎಂಬ ಸಿನಿಮಾವನ್ನು ತಾನೇ ನಿರ್ದೇಶಿಸಿದ. ಅದೂ ಕ್ವೀನ್ಸ್‌ನ ಒಂದು ಇಟಾಲಿಯನ್ ಮೇಸ್ತ್ರಿ ಕುಟುಂಬದ ಕತೆ. ಆದರೆ ನನಗೆ ಇಷ್ಟವಾದದ್ದು ಅದೇ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಅವನ ಸ್ಟ್ಯಾಂಡಪ್ ವಿಶೇಷ ಕಾರ್ಯಕ್ರಮ. 23 ವರ್ಷಗಳಲ್ಲಿ ಅದೇ ಮೊದಲನೆಯದು. ದೊಡ್ಡ ಸಭಾಂಗಣ ತುಂಬಿಸಬಲ್ಲವನು, ನ್ಯೂಯಾರ್ಕಿನ ಕಾಮಿಡಿ ಸೆಲರ್ ಎಂಬ ನೆಲಮಾಳಿಗೆಗೆ ಇಳಿದ. ಅರ್ಧ ಮಾತು ಅಲ್ಲಿ ಮುಗಿಸಿ, ಬೀದಿಗೆ ಬಂದು, ಮೂಲೆ ತಿರುಗಿ, ಇನ್ನೊಂದು ಕ್ಲಬ್ಬಿಗೆ ಹೊಕ್ಕು ಉಳಿದರ್ಧ ಮಾತಾಡಿದ. ಮಾತು ಮಾತ್ರ ಹಳೆಯ ವಿಷಯಗಳದ್ದೇ: ಹೆಂಡತಿ, ಮಕ್ಕಳು, ಏರುತ್ತಿರುವ ವಯಸ್ಸು. ಡೈಪರ್ ಜೋಕುಗಳ ಆ ಅವಳಿಗಳಿಗೆ ಅಷ್ಟೊತ್ತಿಗೆ 25 ತುಂಬಿತ್ತು, ಅಪ್ಪನ ದೂರು ಇನ್ನೂ ಮುಗಿದಿರಲಿಲ್ಲ.